ಕುಡಿತ ಬಿಟ್ಟವರ ಬೆನ್ನಿಗೆ ನಿಲ್ಲುವವರಿಗೆ ಸರ್ಕಾರದ ಹಣ: ಎಲ್ಲಿಂದ ಬರುತ್ತದೆ, ಎಲ್ಲಿ ನಿಂತುಹೋಗುತ್ತದೆ?

ಮದ್ಯವರ್ಜನ ಶಿಬಿರ ಎಂಟು ದಿನಕ್ಕೆ ಮುಗಿಯುತ್ತದೆ. ಆಸ್ಪತ್ರೆಯಲ್ಲಿ ಸೇರಿಸಿಕೊಂಡರೂ ಹೆಚ್ಚೆಂದರೆ ಕೆಲವು ವಾರ. ಆಮೇಲೆ ಆತ ಬಂದಿಳಿಯುವುದು ಅದೇ ಬಸ್‌ಸ್ಟ್ಯಾಂಡಿಗೆ, ಅದೇ ಗೆಳೆಯರ ನಡುವೆ, ಅದೇ ಸಾಲ ತುಂಬಿದ ಮನೆಗೆ. ನಮ್ಮ ಉತ್ತರ ಕನ್ನಡದ ಅಂಕೋಲೆಯಿರಲಿ, ಸಿದ್ದಾಪುರವಿರಲಿ, ಅಲ್ಲಿಂದ ಮುಂದಿನ ತಿಂಗಳುಗಳಲ್ಲಿ ಅವನ ಜೊತೆಗಿರುವವರು ಊರಲ್ಲಿ ಮೊದಲೇ ಕುಡಿತ ಬಿಟ್ಟ ಒಬ್ಬಿಬ್ಬರು. ಸಂಜೆ ಫೋನ್ ಮಾಡಿ ವಿಚಾರಿಸುತ್ತಾರೆ, ಬಟವಾಡೆಯ ದಿನ ಜೊತೆಗೆ ನಡೆದು ಮನೆಯವರೆಗೆ ಬಿಡುತ್ತಾರೆ, ಮಾತ್ರೆ ಮುಗಿದರೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಬಸ್ಸಿನ ಟಿಕೆಟ್ಟು, ಚಹಾ, ಫೋನಿನ ರೀಚಾರ್ಜು ಎಲ್ಲವೂ ಅವರದೇ ಕಿಸೆಯಿಂದ.

ಸ್ವಸಹಾಯ ಸಂಘಗಳ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಇದರ ಬಗ್ಗೆ ಒಂದು ನೇರ ಪ್ರಶ್ನೆ ಏಳುತ್ತದೆ: ಇಂಥ ಕೆಲಸಕ್ಕೆ ಸರ್ಕಾರ ಏನಾದರೂ ಕೊಡುತ್ತದೆಯೇ? ಹಣ ಇದೆ. ಅದು ಬೇರೆ ಬೇರೆ ಇಲಾಖೆಗಳಲ್ಲಿ ಹಂಚಿಹೋಗಿದೆ, ಬೇರೆ ಬೇರೆ ಹೆಸರಿನಲ್ಲಿದೆ. ಚಿಕಿತ್ಸೆಗೆ ಸಾಕಷ್ಟು, ಚಿಕಿತ್ಸೆಯ ನಂತರದ ಆಸರೆಗೆ ಬಹಳ ಕಡಿಮೆ. ಅದನ್ನು ಬಿಡಿಸಿ ಹೇಳುವುದಕ್ಕಾಗಿ ಈ ಬರಹ.

ಒಡನಾಡಿ ಬೆಂಬಲ: ಯಾರು, ಏನು ಮಾಡುತ್ತಾರೆ

ಇಂಗ್ಲಿಷಿನಲ್ಲಿ ಪೀರ್ ಸಪೋರ್ಟ್ ಎನ್ನುವುದನ್ನು ಇಲ್ಲಿ ಒಡನಾಡಿ ಬೆಂಬಲ ಎಂದು ಕರೆಯೋಣ. ಒಂದು ಕಷ್ಟವನ್ನು ತಾನೇ ಅನುಭವಿಸಿ ಹೊರಬಂದವರು ಈಗ ಅದೇ ಕಷ್ಟದಲ್ಲಿರುವವರ ಜೊತೆ ನಿಲ್ಲುವ ಪದ್ಧತಿ ಇದು. ಕುಡಿತ, ಗಾಂಜಾ, ಖಿನ್ನತೆ, ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ, ಎಲ್ಲದಕ್ಕೂ ಇಂಥ ಗುಂಪುಗಳಿವೆ. ರೋಗಿಯನ್ನು ನೋಡಿಕೊಳ್ಳುವ ತಾಯಿ, ಹೆಂಡತಿ, ಅಣ್ಣತಮ್ಮಂದಿರು ತಮ್ಮದೇ ಗುಂಪು ಕಟ್ಟಿಕೊಂಡರೆ ಅದೂ ಒಡನಾಡಿ ಬೆಂಬಲವೇ.

ಹೊನ್ನಾವರದ ಕಡೆಯ ಮೀನುಗಾರರಿಗೆ ಅಳಿವೆ ಎಂದರೆ ಏನೆಂದು ಹೇಳಬೇಕಿಲ್ಲ. ಶರಾವತಿ ಸಮುದ್ರ ಸೇರುವಲ್ಲಿ ಮರಳಿನ ದಿಬ್ಬ ಜಾಗ ಬದಲಿಸುತ್ತಲೇ ಇರುತ್ತದೆ, ದೋಣಿಗಳು ಮಗುಚಿವೆ. ನಕ್ಷೆ ಬೇಕು, ಇಂಜಿನ್ ಬೇಕು, ನಿಜ. ಆದರೂ ಹೊಸಬ ಮೊದಲು ಕೇಳುವುದು ಈ ಬೆಳಿಗ್ಗೆ ಅಳಿವೆ ದಾಟಿ ಬಂದವನನ್ನು. ಒಡನಾಡಿಯ ಬೆಲೆ ಇರುವುದು ಅಲ್ಲಿ. ಕುಡಿಯದೆ ಮದುವೆಮನೆಯಿಂದ ಹೇಗೆ ಎದ್ದು ಬರಬೇಕು, ನಿದ್ದೆ ಬಾರದ ಮೂರನೇ ರಾತ್ರಿ ಏನು ಮಾಡಬೇಕು, ಹೆಂಡತಿ ಇನ್ನೂ ನಂಬದಿದ್ದರೆ ಹೇಗೆ ತಡೆದುಕೊಳ್ಳಬೇಕು ಎಂಬುದನ್ನು ಅವನು ಬದುಕಿ ಕಲಿತಿರುತ್ತಾನೆ.

ಈ ಪದ್ಧತಿಯ ಅತಿ ಹೆಸರಾದ ರೂಪ ಆಲ್ಕೊಹಾಲಿಕ್ಸ್ ಅನಾನಿಮಸ್. ಅಮೆರಿಕದ ಅಕ್ರಾನ್ ನಗರದಲ್ಲಿ 1935ರಲ್ಲಿ ಕುಡಿತದಿಂದ ಸೋತ ಇಬ್ಬರು ಪರಸ್ಪರ ಮಾತಾಡಿಕೊಂಡಲ್ಲಿಂದ ಅದು ಶುರುವಾಯಿತು. ನಮ್ಮ ಕಡೆ ಇನ್ನೂ ಪರಿಚಿತವಾದದ್ದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳ ನಂತರ ಕಟ್ಟುವ ನವಜೀವನ ಸಮಿತಿ. ಶಿಬಿರ ಮುಗಿಸಿದವರೇ ಅದರ ಸದಸ್ಯರು.

ಒಡನಾಡಿಗೆ ಒಂದು ಮಿತಿ ಇದೆ, ಅದನ್ನು ಎಲ್ಲರೂ ತಿಳಿದಿರಲೇಬೇಕು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೆ ಅಪಾಯ. ಕೊನೆಯ ಕುಡಿತದ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು-ಮೂರು ದಿನ ಕಳೆದ ಮೇಲೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ದಿಕ್ಕು ತಪ್ಪುತ್ತದೆ, ಜ್ವರ ಏರುತ್ತದೆ. ಇದು ಮೈಮೇಲೆ ಬಂದದ್ದೂ ಅಲ್ಲ, ನಾಟಕವೂ ಅಲ್ಲ, ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ. ಒಳ್ಳೆಯ ಒಡನಾಡಿ ಇದನ್ನು ಗುರುತಿಸಿ ತಕ್ಷಣ ಆಸ್ಪತ್ರೆಗೆ ಒಯ್ಯುತ್ತಾನೆ. ಕುಡಿತ ಬಿಡಿಸುವ ಮಾತ್ರೆಯನ್ನು ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡುವುದೂ ಅಷ್ಟೇ ಅಪಾಯ. ಡೈಸಲ್ಫಿರಾಂ ಎಂಬ ಮಾತ್ರೆ ಹೊಟ್ಟೆಯಲ್ಲಿರುವಾಗ ಮದ್ಯ ಸೇರಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಎರವಾಗಬಹುದು. ಅಂಥದಕ್ಕೆ ಕೈಹಾಕಬೇಡಿ ಎಂದು ಮನೆಯವರಿಗೆ ಹೇಳುವುದು ಒಡನಾಡಿಯ ತರಬೇತಿಯಲ್ಲಿ ಮೊದಲ ಪಾಠವಾಗಬೇಕು.

ಇದರಿಂದ ಫಲ ಸಿಗುತ್ತದೆಯೇ

ಸಾರ್ವಜನಿಕ ಹಣ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಎಂಬ ಜಾಲ 2020ರಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಕುರಿತ 27 ಅಧ್ಯಯನಗಳನ್ನು ಪರಿಶೀಲಿಸಿತು. ಒಟ್ಟು ಹತ್ತು ಸಾವಿರಕ್ಕೂ ಹೆಚ್ಚು ಜನ. ಪೂರ್ತಿ ಮದ್ಯ ಬಿಟ್ಟು ಉಳಿಯುವ ವಿಷಯದಲ್ಲಿ, ಇಂಥ ಗುಂಪಿಗೆ ಜನರನ್ನು ಕ್ರಮವಾಗಿ ಸೇರಿಸುವ ಚಿಕಿತ್ಸೆ ಉಳಿದ ಸಮಾಲೋಚನಾ ಚಿಕಿತ್ಸೆಗಳಿಗಿಂತ ಮೇಲಾಗಿ ಕಂಡಿತು. ಖಿನ್ನತೆ, ಸ್ಕಿಜೋಫ್ರೇನಿಯಾಗಳಲ್ಲಿ ಒಡನಾಡಿ ಬೆಂಬಲದ ಫಲ ಅಷ್ಟು ಏಕರೂಪವಾಗಿಲ್ಲ. ಭರವಸೆ, ಆತ್ಮವಿಶ್ವಾಸ ಹೆಚ್ಚಿದ್ದು ಕಂಡಿದೆ, ಆಸ್ಪತ್ರೆಗೆ ಮತ್ತೆ ಸೇರುವುದು ಎಲ್ಲ ಕಡೆ ಕಡಿಮೆಯಾಗಿಲ್ಲ.

ಕಾರವಾರದಿಂದ ಗಡಿ ದಾಟಿದರೆ ಸಿಗುವ ಗೋವಾದಲ್ಲೇ ಇನ್ನೊಂದು ಮುಖ್ಯ ಅಧ್ಯಯನ ನಡೆದಿದೆ. ಸಂಗಾತ್ ಎಂಬ ಸಂಸ್ಥೆ ವೈದ್ಯಕೀಯ ಹಿನ್ನೆಲೆಯೇ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕುಡಿತದ ಬಗ್ಗೆ ಸಮಾಲೋಚನೆ ಮಾಡಿಸಿತು. ಫಲಿತಾಂಶ 2017ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮೂರು ತಿಂಗಳ ನಂತರ ಸಮಾಲೋಚನೆ ಪಡೆದವರಲ್ಲಿ ಶೇ 36ರಷ್ಟು ಜನ ಅಪಾಯದ ಕುಡಿತದಿಂದ ಹೊರಬಂದಿದ್ದರು, ಮಾಮೂಲಿ ಆರೈಕೆ ಪಡೆದವರಲ್ಲಿ ಶೇ 26. ಈ ಸಮಾಲೋಚಕರು ಕುಡಿತ ಬಿಟ್ಟವರೇ ಆಗಿರಬೇಕೆಂದೇನೂ ಇರಲಿಲ್ಲ, ಹಾಗಾಗಿ ಇದು ನೇರವಾಗಿ ಒಡನಾಡಿ ಬೆಂಬಲದ ಅಧ್ಯಯನವಲ್ಲ. ಆದರೂ ಊರಿನ ಸಾಮಾನ್ಯ ವ್ಯಕ್ತಿಗೆ ಸರಿಯಾದ ತರಬೇತಿ, ಮೇಲ್ವಿಚಾರಣೆ ಸಿಕ್ಕರೆ ಎಷ್ಟು ಮಾಡಬಲ್ಲ ಎಂಬುದನ್ನು ನಮ್ಮಂಥದೇ ಕರಾವಳಿ ಹಳ್ಳಿಗಳಲ್ಲಿ ತೋರಿಸಿತು.

ಅಗತ್ಯ ಎಷ್ಟಿದೆ ಎನ್ನುವುದಕ್ಕೂ ಲೆಕ್ಕವಿದೆ. ದೆಹಲಿಯ ಏಮ್ಸ್ ನಡೆಸಿ ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು.

ಕಾನೂನು ಏನು ಹೇಳುತ್ತದೆ

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದು, ಜಾರಿಗೆ ಬಂದದ್ದು 2018ರ ಮೇ 29ರಂದು. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಯನ್ನೂ ಅದು ಮಾನಸಿಕ ಅನಾರೋಗ್ಯದ ವ್ಯಾಖ್ಯೆಯೊಳಗೆ ತಂದಿದೆ. ಅಂದರೆ ಚಿಕಿತ್ಸೆಯ ಹಕ್ಕು ಕುಡಿತಕ್ಕೆ ಬಿದ್ದವರಿಗೂ ಇದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ, ಕಾರ್ಡ್ ಇರಲಿ ಬಿಡಲಿ, ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಉಚಿತ. ಆಸ್ಪತ್ರೆಯ ಜೊತೆಗೆ ಮನೆಯಲ್ಲಿ, ಊರಲ್ಲಿ ಸಿಗುವ ಪುನರ್ವಸತಿ ಸೇವೆಗಳನ್ನೂ ಸರ್ಕಾರ ಒದಗಿಸಬೇಕು ಎಂದು 18ನೇ ಕಲಂ ಹೇಳುತ್ತದೆ. ಒಡನಾಡಿ ಬೆಂಬಲಕ್ಕೆ ಹಣ ಕೇಳುವವರು ನಿಲ್ಲಬಹುದಾದ ನೆಲ ಇದೇ.

ಆರೋಗ್ಯ ಇಲಾಖೆಯ ಹಣ

ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಶುರುವಾಯಿತು. ಅದನ್ನು ಜಿಲ್ಲೆಗೆ ಇಳಿಸುವುದು ಹೇಗೆಂದು ನಿಮ್ಹಾನ್ಸ್ 1985ರಿಂದ ಬಳ್ಳಾರಿಯಲ್ಲಿ ಪ್ರಯೋಗ ಮಾಡಿತು. ದೊಡ್ಡ ಆಸ್ಪತ್ರೆಗೆ ಜನ ಬರಲಿ ಎಂದು ಕಾಯದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಅಲ್ಲೇ ಔಷಧಿ ಸಿಗುವಂತೆ ಮಾಡಿದರು. ಆ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ತುಂಬ ಹರಡಲು ಶುರುವಾಯಿತು. ಕಚೇರಿಗಳಲ್ಲಿ ಇದನ್ನು ಡಿಎಂಎಚ್‌ಪಿ ಎನ್ನುತ್ತಾರೆ.

ಇದರ ಹಣ ರಾಷ್ಟ್ರೀಯ ಆರೋಗ್ಯ ಅಭಿಯಾನದ ಮೂಲಕ ಬರುತ್ತದೆ. ಕರ್ನಾಟಕದಂಥ ರಾಜ್ಯಕ್ಕೆ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಜಿಲ್ಲೆಗಳಿಂದ ಬೇಡಿಕೆ ಪಡೆದು ರಾಜ್ಯ ಒಂದು ಯೋಜನೆ ಮಾಡುತ್ತದೆ, ಅದೇ ಪಿಐಪಿ. ಕೇಂದ್ರ ಅದನ್ನು ನೋಡಿ ಒಪ್ಪಿದ ಬಾಬ್ತುಗಳಿಗಷ್ಟೇ ಹಣ. ಪಿಐಪಿಯಲ್ಲಿ ಬರೆಯದ ಕೆಲಸಕ್ಕೆ ಜಿಲ್ಲೆಯ ಅಧಿಕಾರಿ ಮನಸ್ಸಿದ್ದರೂ ಖರ್ಚು ಹಾಕಲಾರರು. ಈ ಒಂದು ಸಂಗತಿ ಗೊತ್ತಿದ್ದರೆ ಕಚೇರಿಯಲ್ಲಿ ಸಿಗುವ ಅರ್ಧ ಉತ್ತರಗಳು ಅರ್ಥವಾಗುತ್ತವೆ.

ಡಿಎಂಎಚ್‌ಪಿ ತಂಡದಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಮನೋಸಾಮಾಜಿಕ ಕಾರ್ಯಕರ್ತರು, ನರ್ಸ್, ದಾಖಲಾತಿ ನೋಡಿಕೊಳ್ಳುವವರು ಇರುತ್ತಾರೆ. ಔಷಧಿಗೆ, ತರಬೇತಿಗೆ, ಪ್ರಚಾರಕ್ಕೆ ಬೇರೆ ಬೇರೆ ಬಾಬ್ತು. ಒಡನಾಡಿ ಎಂಬ ಹುದ್ದೆ ಈ ಪಟ್ಟಿಯಲ್ಲಿಲ್ಲ. ಇದೇ ದೊಡ್ಡ ಕೊರತೆ ಎಂದು ನನಗನ್ನಿಸುತ್ತದೆ.

ಕರ್ನಾಟಕ ಇದರ ಮೇಲೆ ತನ್ನದೂ ಸೇರಿಸಿದೆ. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗಳಲ್ಲಿ ರೋಗಿಗಳನ್ನು ನೋಡುತ್ತಾರೆ. ಹನ್ನೆರಡು ತಾಲೂಕುಗಳ, ಘಟ್ಟದ ಮೇಲೆ ಅರ್ಧ ಕೆಳಗೆ ಅರ್ಧ ಹರಡಿದ ನಮ್ಮ ಜಿಲ್ಲೆಗೆ ಇದು ಸಣ್ಣ ಅನುಕೂಲವಲ್ಲ. ಜೊಯಿಡಾದ ಮನುಷ್ಯ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೋ ಹೋಗಿಬರಲು ಒಂದಿಡೀ ದಿನ, ಒಂದು ದಿನದ ಕೂಲಿ ಬೇಕು. ಮಾತ್ರೆ ತಪ್ಪುವುದು ಹೆಚ್ಚಾಗಿ ಇಲ್ಲೇ. ಗುಣಮುಖರಾಗುತ್ತಿರುವವರು ಹಗಲು ಹೊತ್ತು ಬಂದು ಕೆಲಸ ಕಲಿಯಲು ಮಾನಸಧಾರ ಎಂಬ ಕೇಂದ್ರಗಳಿವೆ. ಸರ್ಕಾರ ಹಣ ಕೊಡುತ್ತದೆ, ಸ್ವಯಂಸೇವಾ ಸಂಸ್ಥೆಗಳು ನಡೆಸುತ್ತವೆ. ಆರೋಗ್ಯ ಇಲಾಖೆಯ ಹಣ ಒಡನಾಡಿ ಗುಂಪಿನ ಹತ್ತಿರ ಬರುವ ಜಾಗವೆಂದರೆ ಇದೊಂದೇ ಎನ್ನಬಹುದು.

ಸಾಮಾಜಿಕ ನ್ಯಾಯ ಸಚಿವಾಲಯದ ಹಣ

ವ್ಯಸನದ ವಿಷಯಕ್ಕೆ ಕೇಂದ್ರದಲ್ಲಿ ಇನ್ನೊಂದು ಮನೆ ಇದೆ. ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ 2018ರಿಂದ ಮಾದಕ ವಸ್ತುಗಳ ಬೇಡಿಕೆ ತಗ್ಗಿಸುವ ರಾಷ್ಟ್ರೀಯ ಕ್ರಿಯಾ ಯೋಜನೆ ನಡೆಸುತ್ತಿದೆ, ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಎನ್‌ಎಪಿಡಿಡಿಆರ್. ನಶಾ ಮುಕ್ತ ಭಾರತ ಅಭಿಯಾನ 2020ರ ಆಗಸ್ಟ್ 15ರಂದು ಶುರುವಾಯಿತು.

ಒಡನಾಡಿ ಎಂಬ ಕಲ್ಪನೆ ಸರ್ಕಾರದ ಕಾಗದದಲ್ಲಿ ಸ್ಪಷ್ಟವಾಗಿ ಕಾಣುವುದು ಇಲ್ಲಿ. ಸ್ವಯಂಸೇವಾ ಸಂಸ್ಥೆಗಳು ನಡೆಸುವ ವ್ಯಸನಿಗಳ ಸಮಗ್ರ ಪುನರ್ವಸತಿ ಕೇಂದ್ರಕ್ಕೆ ಅನುದಾನ ಕೊಡುವಾಗ ಸಿಬ್ಬಂದಿ ಪಟ್ಟಿಯಲ್ಲೇ ಪೀರ್ ಎಜುಕೇಟರ್ ಎಂಬ ಹುದ್ದೆ ಇದೆ. ಚಟ ಬಿಟ್ಟು ಕೆಲ ಕಾಲ ದೃಢವಾಗಿ ಉಳಿದವರನ್ನೇ ಅದಕ್ಕೆ ತೆಗೆದುಕೊಳ್ಳಬೇಕು. ಅಪಾಯದ ಅಂಚಿನಲ್ಲಿರುವ ಮಕ್ಕಳು, ಹರೆಯದವರ ನಡುವೆ ಅವರ ಓರಗೆಯವರಿಂದಲೇ ಕೆಲಸ ಮಾಡಿಸುವ ಯೋಜನೆಗೆ ಬೇರೆ ಅನುದಾನ. ಯಾರಾದರೂ ಸುಮ್ಮನೆ ಬಂದು ಕೂತು ಮಾತಾಡಿ ಹೋಗಬಹುದಾದ ಸಂಪರ್ಕ ಕೇಂದ್ರಕ್ಕೆ ಮತ್ತೊಂದು.

ಆದರೆ ಈ ಹಣ ನೋಂದಾಯಿತ ಸಂಸ್ಥೆಗೇ ಹೋಗುತ್ತದೆ. ಹಳೆಯ ಲೆಕ್ಕಪತ್ರ, ಆಡಿಟ್, ಆನ್‌ಲೈನ್ ಅರ್ಜಿ, ಶಿಫಾರಸು ಎಲ್ಲ ಬೇಕು. ಕಂತು ಕಂತಾಗಿ ಬರುತ್ತದೆ, ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಕೊಟ್ಟ ಮೇಲೆ ಮುಂದಿನದು. ಊರಿನ ಶಾಲೆಯ ಜಗಲಿಯಲ್ಲಿ ಭಾನುವಾರ ಸಂಜೆ ಸೇರುವ ಹತ್ತು ಜನರ ಗುಂಪು ಇದಕ್ಕೆ ತಾನೇ ಅರ್ಜಿ ಹಾಕುವುದು ಕಷ್ಟ. ಅನುಭವವಿರುವ ಸಂಸ್ಥೆಯೊಂದರ ಜೊತೆ ಸೇರುವುದೇ ದಾರಿ.

ಪಂಚಾಯಿತಿಯಲ್ಲೊಂದು ಮಾದರಿ ಈಗಾಗಲೇ ಇದೆ

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಜನ ವಿಆರ್‌ಡಬ್ಲ್ಯು ಎನ್ನುತ್ತಾರೆ. ಅವರು ಸ್ವತಃ ವಿಕಲಚೇತನರು, ತಮ್ಮ ಪಂಚಾಯಿತಿಯ ಇತರ ವಿಕಲಚೇತನರನ್ನು ಗುರುತಿಸಿ ಪಿಂಚಣಿ, ಗುರುತಿನ ಚೀಟಿ, ಸಲಕರಣೆ ಕೊಡಿಸುವುದು ಅವರ ಕೆಲಸ. ಅದಕ್ಕೆ ಸರ್ಕಾರ ಗೌರವಧನ ಕೊಡುತ್ತದೆ. ಕಷ್ಟ ಅನುಭವಿಸಿದವರಿಗೇ ಸಂಭಾವನೆ ಕೊಟ್ಟು ಅದೇ ಕಷ್ಟದವರ ನಡುವೆ ಕೆಲಸ ಮಾಡಿಸುವ ಪದ್ಧತಿ ಹೀಗೆ ನಮ್ಮ ಕಣ್ಣೆದುರೇ ನಡೆಯುತ್ತಿದೆ. ಎಚ್‌ಐವಿ ನಿಯಂತ್ರಣ ಕಾರ್ಯಕ್ರಮದಲ್ಲೂ ಓರಗೆಯ ಕಾರ್ಯಕರ್ತರಿಗೆ ಹಣ ಕೊಡುವ ರೂಢಿ ದಶಕಗಳಿಂದ ಇದೆ. ಮಾನಸಿಕ ಆರೋಗ್ಯಕ್ಕೆ ಅದನ್ನು ವಿಸ್ತರಿಸಲು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ, ಮಾನಸಿಕ ಅನಾರೋಗ್ಯವೂ ಅದರಲ್ಲಿದೆ. ವೈಕಲ್ಯ ಶೇ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಚೀಟಿಯ ಮೂಲಕ ಸವಲತ್ತುಗಳು ಸಿಗುತ್ತವೆ. ಕುಡಿತದ ಚಟವೊಂದೇ ಇದ್ದರೆ ಈ ದಾರಿ ತೆರೆಯುವುದಿಲ್ಲ. ಸಣ್ಣ ಖರ್ಚಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಕಡೆಗೂ ನೋಡಬಹುದು. ಆಶಾ ಕಾರ್ಯಕರ್ತೆಯರು ಅದರಲ್ಲಿರುತ್ತಾರೆ, ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಇರುತ್ತದೆ.

ಒಂದು ಗುಂಪಿಗೆ ಎಷ್ಟು ಬೇಕು

ನನ್ನದೇ ಅಂದಾಜು ಇಲ್ಲಿದೆ, ಸರ್ಕಾರದ ದರವಲ್ಲ. ವಾರಕ್ಕೊಮ್ಮೆ ಹದಿನೈದು ಜನ ಸೇರುತ್ತಾರೆ, ಇಬ್ಬರು ಒಡನಾಡಿಗಳು ವಾರವಿಡೀ ಓಡಾಡುತ್ತಾರೆ ಎಂದುಕೊಳ್ಳಿ. ತಲೆಗೆ ಹತ್ತು ರೂಪಾಯಿ ಚಹಾ ಹಿಡಿದರೆ 52 ವಾರಕ್ಕೆ 7,800. ಇಬ್ಬರ ಬಸ್ ಖರ್ಚು ವಾರಕ್ಕೆ ತಲಾ 300ರಂತೆ ವರ್ಷಕ್ಕೆ 31,200. ಫೋನಿಗೆ ತಿಂಗಳಿಗೆ ತಲಾ 300, ಅದು 7,200. ತಿಂಗಳಿಗೆ ತಲಾ 5,000 ಗೌರವಧನ ಸೇರಿಸಿದರೆ 1,20,000. ಎಲ್ಲ ಕೂಡಿ 1,66,200 ರೂಪಾಯಿ.

ಚಹಾ, ಬಸ್ಸು, ಫೋನು ಸೇರಿ 46,200 ಮಾತ್ರ. ದಾನಿಗಳಿಂದ, ಸಂಘದಿಂದ ಹೇಗೋ ಹೊಂದಿಸುವುದು ಇದನ್ನೇ. ಗೌರವಧನಕ್ಕೆ ಯಾರೂ ಇಲ್ಲದ್ದರಿಂದ ಒಡನಾಡಿ ತನ್ನ ಕೂಲಿ ಬಿಟ್ಟು ಎಷ್ಟು ದಿನ ಓಡಾಡಬಲ್ಲ ಎಂಬುದರ ಮೇಲೆ ಗುಂಪಿನ ಆಯುಷ್ಯ ನಿಂತಿರುತ್ತದೆ. ಚೌತಿ ಕಳೆದು ಅಡಿಕೆ ಕೊಯ್ಲು ಬಂತೆಂದರೆ ಘಟ್ಟದ ಮೇಲಿನ ಎಷ್ಟೋ ಸಭೆಗಳು ತಪ್ಪುವುದು ಇದೇ ಕಾರಣಕ್ಕೆ.

ಮದ್ಯದ ತೆರಿಗೆಯಿಂದಲೇ ಯಾಕೆ ಕೊಡಬಾರದು

ಎಲ್ಲ ಸಭೆಯಲ್ಲೂ ಬರುವ, ನ್ಯಾಯವಾದ ಪ್ರಶ್ನೆ. ಮದ್ಯ ಜಿಎಸ್‌ಟಿಯಿಂದ ಹೊರಗಿದೆ. ಅದರ ಅಬಕಾರಿ ಸುಂಕ ರಾಜ್ಯದ್ದು, ಕರ್ನಾಟಕದ ಸ್ವಂತ ತೆರಿಗೆ ಆದಾಯದ ದೊಡ್ಡ ಮೂಲಗಳಲ್ಲಿ ಒಂದು. ಆದರೆ ಆ ಹಣ ಬಂದ ಕೂಡಲೇ ರಾಜ್ಯದ ಸಂಚಿತ ನಿಧಿಗೆ ಸೇರಿ ಉಳಿದೆಲ್ಲದರ ಜೊತೆ ಬೆರೆತುಹೋಗುತ್ತದೆ. ಇಷ್ಟು ಪಾಲು ವ್ಯಸನಮುಕ್ತಿಗೆ ಎಂದು ಬೇರೆ ತೆಗೆದಿಡಬೇಕಾದರೆ ಸರ್ಕಾರ ಬಜೆಟ್ಟಿನಲ್ಲಿ ಹಾಗೆಂದು ತೀರ್ಮಾನಿಸಬೇಕು. ಸಂವಿಧಾನದ 47ನೇ ವಿಧಿ ಮದ್ಯಪಾನವನ್ನು ನಿಷೇಧಿಸಲು ರಾಜ್ಯ ಯತ್ನಿಸಬೇಕು ಎನ್ನುತ್ತದೆ, ಆದರೆ ಅದು ನಿರ್ದೇಶಕ ತತ್ವ, ಕೋರ್ಟಿಗೆ ಹೋಗಿ ಜಾರಿ ಮಾಡಿಸುವಂಥದ್ದಲ್ಲ.

ಈ ಜಿಲ್ಲೆ ಮದ್ಯದ ವಿರುದ್ಧ ಹೋರಾಡಿದ ನೆನಪು ಗಟ್ಟಿಯಾಗಿದೆ. ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡ ಹಾಡಿನಷ್ಟೇ ಸಾರಾಯಿ ವಿರೋಧಿ ಹೋರಾಟದಿಂದಲೂ ಜನರ ಮನಸ್ಸಿನಲ್ಲಿದ್ದಾರೆ, 2017ರಲ್ಲಿ ಪದ್ಮಶ್ರೀ ಪಡೆದವರು. ಅಂಗಡಿ ಮುಚ್ಚಿಸುವುದು ಒಂದು ಕೆಲಸ, ಕುಡಿತ ಬಿಟ್ಟವನನ್ನು ವರ್ಷಗಟ್ಟಲೆ ಹಿಡಿದು ನಿಲ್ಲಿಸುವುದು ಇನ್ನೊಂದು. ಗಡಿಯಾಚೆ ಗೋವಾದ ಅಗ್ಗದ ಮದ್ಯ ಸಿಗುವ ಕಾರವಾರದಲ್ಲಿ ಎರಡನೆಯದಿಲ್ಲದೆ ಮೊದಲನೆಯದು ಹೆಚ್ಚು ಕಾಲ ನಿಲ್ಲದು.

ಹಣ ಬೇಡ ಎನ್ನುವವರೂ ಇದ್ದಾರೆ

ಆಲ್ಕೊಹಾಲಿಕ್ಸ್ ಅನಾನಿಮಸ್ ಹೊರಗಿನವರ ದೇಣಿಗೆಯನ್ನೇ ತೆಗೆದುಕೊಳ್ಳುವುದಿಲ್ಲ. ಸದಸ್ಯರು ಹಾಕಿದ್ದರಲ್ಲೇ ನಡೆಯುತ್ತದೆ. ಹಣ ಬಂದರೆ ಹೆಸರು ಬರೆಸಬೇಕಾಗುತ್ತದೆ, ಗುಟ್ಟು ಉಳಿಯುವುದಿಲ್ಲ, ಗುರಿ ಮುಟ್ಟಿಸುವ ಒತ್ತಡ ಬರುತ್ತದೆ ಎಂಬುದು ಅಂಥ ಗುಂಪುಗಳ ಆತಂಕ. ಅದು ಗಂಭೀರವಾದ ಮಾತು. ಚಿಕ್ಕ ಊರಿನಲ್ಲಿ ಹಾಜರಿ ಪಟ್ಟಿಯೊಂದು ಹೊರಬಿದ್ದರೆ ಮಗಳ ಮದುವೆ ಮಾತುಕತೆಯೇ ಮುರಿಯಬಹುದು. ಆದ್ದರಿಂದ ಅನುದಾನ ಕೇಳುವವರು ಸದಸ್ಯರ ಹೆಸರು ಕೊಡುವುದಿಲ್ಲ, ಸಂಖ್ಯೆ ಮಾತ್ರ ಕೊಡುತ್ತೇವೆ ಎಂಬ ಷರತ್ತನ್ನು ಮೊದಲೇ ಬರೆದುಕೊಳ್ಳುವುದು ಒಳ್ಳೆಯದು. ಅಮೆರಿಕದಲ್ಲಿ ಜಾರ್ಜಿಯಾ ರಾಜ್ಯ 1999ರಲ್ಲೇ ತರಬೇತಾದ ಒಡನಾಡಿಗಳ ಕೆಲಸಕ್ಕೆ ಬಡವರ ಸರ್ಕಾರಿ ಆರೋಗ್ಯ ವಿಮೆಯಿಂದ ಹಣ ಕೊಡಲು ಶುರುಮಾಡಿತು. ಅನಾಮಿಕ ಸಭೆಗಳು ತಮ್ಮ ಪಾಡಿಗೆ ನಡೆದಿವೆ, ಸಂಬಳದ ಒಡನಾಡಿಗಳು ಬೇರೆಯೇ ಕೆಲಸ ಮಾಡುತ್ತಾರೆ. ಎರಡೂ ಜೊತೆಗಿರಬಹುದು.

ಯಾರನ್ನು, ಏನು ಕೇಳಬೇಕು

ಚಿಕಿತ್ಸೆ ಬೇಕಾದವರಿಗೆ ಮೊದಲು ಫೋನ್: ಟೆಲಿ ಮಾನಸ್ 14416, ಕನ್ನಡದಲ್ಲೂ ಹಗಲುರಾತ್ರಿ ಮಾತಾಡುತ್ತಾರೆ, 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ವ್ಯಸನದ ವಿಷಯಕ್ಕೆ 14446.

ಹಣದ ವಿಷಯಕ್ಕೆ ಕಾರವಾರದ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಡಿಎಂಎಚ್‌ಪಿ ನೋಡುವ ಅಧಿಕಾರಿಯನ್ನು ಕಾಣಿ. ಮುಂದಿನ ಪಿಐಪಿಗೆ ಜಿಲ್ಲೆ ಯಾವಾಗ ಬೇಡಿಕೆ ಕಳಿಸುತ್ತದೆ, ಅದರಲ್ಲಿ ಒಡನಾಡಿ ಗೌರವಧನವನ್ನು ಸೇರಿಸಬಹುದೇ ಎಂದು ಬರಹದಲ್ಲೇ ಕೇಳಿ. ನಶಾ ಮುಕ್ತ ಅಭಿಯಾನದ ಜಿಲ್ಲಾ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಅನುದಾನ ಪಡೆಯುತ್ತಿರುವ ಸಂಸ್ಥೆಗಳ ಹೆಸರು ಅಲ್ಲಿ ಸಿಗಬೇಕು. ಪಂಚಾಯಿತಿ ವಾರ್ಷಿಕ ಯೋಜನೆ ಮಾಡುವ ಗ್ರಾಮಸಭೆಯಲ್ಲಿ ನಿಮ್ಮ ಗುಂಪಿನ ಬೇಡಿಕೆ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.

ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಇದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, 30 ದಿನದೊಳಗೆ ಉತ್ತರ ಬರಬೇಕು. ಕಳೆದ ವರ್ಷ ಡಿಎಂಎಚ್‌ಪಿಗೆ ಜಿಲ್ಲೆಗೆ ಮಂಜೂರಾದದ್ದೆಷ್ಟು, ಖರ್ಚಾದದ್ದೆಷ್ಟು, ತರಬೇತಿ ಬಾಬ್ತಿನಲ್ಲಿ ಉಳಿದದ್ದೆಷ್ಟು ಎಂಬ ಮೂರೇ ಸಾಲು ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಹಾಗಾಗಿ ವ್ಯಸನಮುಕ್ತಿ ಅನುದಾನದ ಬಗ್ಗೆ ಇನ್ನೊಂದು ಅರ್ಜಿ ಬೇರೆಯೇ ಹಾಕಿ.